ಬಿಲ್ಲೂ, ನನ್ನ ಬಿ.ಇ. ಪದವಿಯೂ...

"ಬಿಲ್ಲು ಮಾಡೋದ್ರಲ್ಲಿ ಏನಿದೆ ಗುರು? ಕೋಲು ಬಗ್ಗಿಸು, ದಾರ ಕಟ್ಟು, ಮುಗೀತು."

ಆಫೀಸಿನ ಗೆಳೆಯನೊಬ್ಬ ಹೀಗಂದ. ಇದೇ ಮಹಾಶಯ ಹಿಂದಿನ ವಾರವಷ್ಟೇ ನಮ್ಮ ಪೂರ್ವಜರ ಧನುರ್ವಿದ್ಯೆ ಎಂಥಾ ವಿಜ್ಞಾನ ಅಂತ ಮಾರುದ್ದದ ಫಾರ್ವರ್ಡ್ ಕಳಿಸಿದ್ದ! ಗಾಂಡೀವ ಅಂದ್ರೆ ವಿಜ್ಞಾನ, ಊರಿನವರು ಮಾಡಿದ ಬಿಲ್ಲು ಅಂದ್ರೆ ಕೋಲು, ದಾರ. ನನ್ನ ಜಗಳ ಇರೋದು ಇಲ್ಲೇ.

ದಸರೆಗೆ ಊರಿಗೆ ಹೋಗಿದ್ದೆ, ಹಳ್ಳಿಖೇಡ (ಬಿ)ಗೆ. (ಆ 'ಬಿ' ಏನು ಅಂತ ಎಲ್ಲರೂ ಕೇಳ್ತಾರೆ. ಬುಜುರ್ಗ್, ಅಂದ್ರೆ ಹಿರಿಯದು.) ಅಕ್ಕನ ಮಗನಿಗೆ ಬಿಲ್ಲು ಬೇಕಾಗಿತ್ತು. ಆನ್‌ಲೈನಿನಲ್ಲಿ ಪ್ಲಾಸ್ಟಿಕ್‌ದು 799 ರೂಪಾಯಿ. ಬೇಡ, ನಾನೇ ಮಾಡ್ತೀನಿ ಅಂದೆ. ಈಗ ಕೋಡ್ ಬರೀತಿದ್ರೂ ಓದಿದ್ದು ಮೆಕ್ಯಾನಿಕಲ್ ಅಲ್ವಾ!

ಮೊದಲನೆಯದು ಹಸಿ ಬೇವಿನ ಕೊಂಬೆ. ಬಗ್ಗಿತು, ಬಗ್ಗಿದ ಹಾಗೇ ಉಳೀತು. ಜೋಳದ ದಂಟಿನ ಬಾಣ ಎರಡು ಮಾರು ಹೋಗಿ ಬಿತ್ತು. ಎರಡನೆಯದಕ್ಕೆ ತೇಗದ ಪಟ್ಟಿ ತಂದು ಉಜ್ಜಿ ನುಣ್ಣಗೆ ಮಾಡಿದೆ. ಮರದ ಎಳೆ ಓರೆಯಾಗಿ ಓಡಿ ಹೊರಮೈಯಲ್ಲಿ ತುಂಡಾಗಿದ್ದನ್ನ ನೋಡಲೇ ಇಲ್ಲ. ಎಳೆದೆ... ಫಟ್! ಸರಿಯಾಗಿ ಅಲ್ಲಿಂದಲೇ ಸೀಳಿತು.

ಮುರಿದ ತುಂಡು ಹಿಡ್ಕೊಂಡು ಬುಟ್ಟಿ ಹೆಣೆಯೋ ಮುತ್ಯಾರ ಮನೆಗೆ ಹೋದೆ. ಮೇದಾರರು. ನಮ್ಮ ಕಡೆ ಬುರುಡ ಅಂತಲೂ ಅಂತಾರೆ.

"ಸಾಲಿ ಎಷ್ಟು ಕಲ್ತೀ ತಮ್ಮಾ?"

"ಇಂಜಿನಿಯರ್ ಇದ್ದೀನ್ರಿ ಮುತ್ಯಾ."

"ಹಂಗಾದ್ರ ಮುರೀಲೇಬೇಕು ಬಿಡು."

ನೆರಳಲ್ಲಿ ಒಣಗಿಸಿದ್ದ ದಪ್ಪ ಬಿದಿರೊಂದನ್ನ ಸೀಳಿದರು. "ಸಿಪ್ಪಿ ಕಡಿ ಕೈ ಹಚ್ಚಬ್ಯಾಡ. ಏನ್ ಕೆತ್ತಿದ್ರೂ ಒಳಗಿಂದ." ಬಿಲ್ಲು ಬಗ್ಗಿದಾಗ ಹೊರಮೈ ಹಿಗ್ಗುತ್ತೆ, ಒಳಮೈ ಕುಗ್ಗುತ್ತೆ. ಬಿದಿರಿನ ನಾರು ಒತ್ತಾಗಿರೋದು ಸಿಪ್ಪೆಯ ಹತ್ತಿರ, ಎಳೆತ ತಡೆಯೋದು ಅದೇ. ಹೊರಗಿನ ಗಂಟುಗಳನ್ನೂ ಉಜ್ಜಬಾರದು. ನಡುವೆ ಹಿಡಿಯೋ ಜಾಗ ದಪ್ಪ ಬಿಟ್ಟು, ಎರಡೂ ತೋಳು ತೆಳ್ಳಗೆ ಮಾಡಿ, ಹೆದೆ ಏರಿಸಿ ಸ್ವಲ್ಪವೇ ಎಳೆದು ದೂರದಿಂದ ನೋಡೋದು. ಯಾವ ತೋಳು ಬಿಗಿ ಇದೆಯೋ ಅದರ ಒಳಗಿಂದ ಒಂಚೂರು ಕೆರೆಯೋದು. ಮತ್ತೆ ಎಳೆಯೋದು, ಮತ್ತೆ ಕೆರೆಯೋದು. ಇಡೀ ಮಧ್ಯಾಹ್ನ ಇದೇ.

ದಪ್ಪ ಹತ್ತರಲ್ಲೊಂದು ಭಾಗ ಕಡಿಮೆಯಾದರೆ ಬಿಗಿ 27 ಪರ್ಸೆಂಟ್ ಇಳಿಯುತ್ತೆ, ದಪ್ಪದ ಘನಕ್ಕೆ ತಕ್ಕಂತೆ. ಈ ಸೂತ್ರ ನಾನು ಪರೀಕ್ಷೆಯಲ್ಲಿ ಬರೆದಿದ್ದೆ, ಮಾರ್ಕ್ಸೂ ಬಂದಿತ್ತು. ನಾಲ್ಕು ವರ್ಷದಲ್ಲಿ ಒಂದು ಕಡ್ಡಿ ಬಗ್ಗಿಸಿ ನೋಡು ಅಂತ ಯಾರೂ ಹೇಳಿರಲಿಲ್ಲ. ಮುತ್ಯಾ ಹೆಬ್ಬೆರಳು ಒತ್ತಿ ಅದನ್ನ ಹೇಳ್ತಿದ್ದರು. ನನ್ನದು ವಿದ್ಯೆ, ಅವರದು ಬರೀ ಕಸುಬು, ಹೌದಾ?

ಇಂಗ್ಲೆಂಡಿನಲ್ಲಿ 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗಿನೊಳಗೆ ನೂರಕ್ಕೂ ಹೆಚ್ಚು ಮರದ ಬಿಲ್ಲು ಸಿಕ್ಕವು. ಅವೂ ಇದೇ ತತ್ವದ ಮೇಲೆ ಮಾಡಿದವು: ಎಳೆತ ತಡೆಯೋ ಬಿಳಿ ಮರ ಹೊರಗೆ, ಒತ್ತಡ ತಡೆಯೋ ಕೆಚ್ಚು ಒಳಗೆ. ಅವರು ಮ್ಯೂಸಿಯಮ್ಮಿನಲ್ಲಿ ಇಟ್ಟಿದಾರೆ. ನಮ್ಮ ಲಿಂಬಾ ರಾಮ್, ರಾಜಸ್ಥಾನದ ಆದಿವಾಸಿ ಹುಡುಗ, ಬಿದಿರಿನ ಬಿಲ್ಲಿನಿಂದ ಶುರು ಮಾಡಿ 1988, 1992, 1996 ಮೂರೂ ಒಲಿಂಪಿಕ್ಸ್‌ಗೆ ಹೋದರು. ಆದ್ರೂ ನಮಗೆ ಕೋಲು, ದಾರ!

ಬೀದರ್ ಅನ್ನೋ ಹೆಸರೇ ಬಿದಿರಿನಿಂದ ಬಂದಿದ್ದು ಅಂತಾರೆ. ಹುಮನಾಬಾದ ದಾಟಿ ಹೋದರೆ ಬಸವಕಲ್ಯಾಣ. 12ನೇ ಶತಮಾನದಲ್ಲಿ ಅಲ್ಲಿ ಬುಟ್ಟಿ ಹೆಣೆಯೋ ಮೇದಾರ ಕೇತಯ್ಯ ಬಸವಣ್ಣನವರ ಜೊತೆಗಿದ್ದ ಶರಣ, ವಚನಕಾರ. ಬಸವ ಜಯಂತಿಗೆ ಡಿಪಿ ಬದಲಿಸೋ ನಮಗೆ ನಮ್ಮೂರ ಮೇದಾರರ ಹೆಸರು ಗೊತ್ತಿರಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ, ಆವತ್ತು ಕೇಳಿ ತಿಳ್ಕೊಂಡೆ.

ಬಾಣ ಬಣವೆಗೆ ಹೋಗಿ ನಾಟಿತು. ಹುಡುಗ ಕುಣಿದಾಡಿದ. ಮುತ್ಯಾ 200 ಕೇಳಿದರು. ಭಾವ ಬಂದವರು "ಒಂದ್ ಬಿದರಿಗಿ ಇಷ್ಟಾ?" ಅಂತ ಚೌಕಾಸಿ ಮಾಡಿ 150ಕ್ಕೆ ಇಳಿಸಿದರು. ಅಲ್ಲೇ ನಿಂತಿದ್ದ ನಾನು, 799ರ ಪ್ಲಾಸ್ಟಿಕ್ ನೋಡಿ ಬಂದವನು, ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಉಳಿದ 50 ಕೊಡೋಣ ಅಂತ ಒಬ್ಬನೇ ಹೋದೆ. ಮುತ್ಯಾ ಸಂತೆಗೆ ಹೋಗಿದ್ದರು.