ಬೀಗ ಹಾಕಿದವರೇ ನ್ಯಾಯ ಹೇಳುವುದೆಂದರೆ

ಗುಪ್ತಚರ ಇಲಾಖೆಯ ಹಳೆಯ ಕಡತಗಳನ್ನು ಕಾಲಮಿತಿ ಹಾಕಿ ತೆರೆಯಬೇಕು ಎಂದೊಡನೆ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಎದುರುವಾದ ಶುರುವಾಗುತ್ತದೆ. ಆ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದು.

'ಕಡೂರು, ತರೀಕೆರೆ, ಅಜ್ಜಂಪುರದ ರೈತನಿಗೆ ದೆಹಲಿಯ ಗುಪ್ತ ಕಡತ ಕಟ್ಟಿಕೊಂಡು ಆಗಬೇಕಾದ್ದೇನು?' ಎಂಬುದು ಮೊದಲ ಮಾತು. ಈ ಪ್ರಶ್ನೆಗೆ ತರೀಕೆರೆಯ ಚರಿತ್ರೆಯೇ ಉತ್ತರ ಕೊಡುತ್ತದೆ. 1830ರಲ್ಲಿ ತರೀಕೆರೆ ಪಾಳೆಯಗಾರರ ಮನೆತನದ ರಂಗಪ್ಪ ನಾಯಕ ನಗರ ಪ್ರಾಂತ್ಯದ ದಂಗೆಯಲ್ಲಿ ಸೇರಿಕೊಂಡ. ಆ ದಂಗೆಯನ್ನು ಮುಂದೊಡ್ಡಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡ. ದಂಗೆಗೆ ಕಾರಣವೇನೆಂದು ಕೇಳಲು ಹಾಕರ್, ಮಾರಿಸನ್, ಮ್ಯಾಕ್ಲಿಯೋಡ್, ಕಬ್ಬನ್ ಇದ್ದ ಸಮಿತಿ ನೇಮಕವಾದದ್ದು ಆಮೇಲೆ. ಅದು ವರದಿ ಕೊಟ್ಟದ್ದು 1833ರ ಡಿಸೆಂಬರಿನಲ್ಲಿ. ಅಂದರೆ ಮೊದಲು ಶಿಕ್ಷೆ, ನಂತರ ವಿಚಾರಣೆ. ತಾನು ಆತುರಪಟ್ಟೆನೇ ಎಂಬ ಸಂಶಯ ಬೆಂಟಿಂಕನಿಗೇ ಹುಟ್ಟಿತು. ರಾಜ್ಯದ ಹೆಚ್ಚಿನ ಭಾಗವನ್ನು ಹಿಂದಿರುಗಿಸುವ ಸಲಹೆಯನ್ನೂ ಅವನು ಮುಂದಿಟ್ಟ. ಲಂಡನ್ ಒಪ್ಪಲಿಲ್ಲ. ಮೈಸೂರು ಅರಸರಿಗೆ ಆಡಳಿತ ಮರಳಿದ್ದು 1881ರಲ್ಲಿ, 50 ವರ್ಷಗಳ ಮೇಲೆ. ಇಷ್ಟೆಲ್ಲ ನಮಗೆ ತಿಳಿದದ್ದು ಕಂಪನಿ ಸರ್ಕಾರದ ಕಾಗದಗಳು ಉಳಿದು, ಓದುವವರ ಕೈಗೆ ಸಿಕ್ಕಿದ್ದರಿಂದ. ಸಿಗದೇ ಹೋಗಿದ್ದರೆ ತರೀಕೆರೆಯವರು ದಂಗೆಕೋರರು, ಅರಸರು ಅಸಮರ್ಥರು ಎಂಬ ಸರ್ಕಾರಿ ಮಾತೇ ಕೊನೆಯ ಮಾತಾಗುತ್ತಿತ್ತು. ಹಳೆಯ ಕಡತ ಈ ಭಾಗದ ಜನರಿಗೆ ಸಂಬಂಧಿಸಿದ್ದಲ್ಲ ಎನ್ನುವವರು ಮೊದಲು ಇದಕ್ಕೆ ಉತ್ತರಿಸಲಿ.

ಎರಡನೆಯ ವಾದ ಅವರ ಪಾಲಿನ ಬ್ರಹ್ಮಾಸ್ತ್ರ: 'ಕಡತ ತೆರೆದರೆ ಶತ್ರುವಿಗೆ ಅನುಕೂಲ.' 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ 1963ರಲ್ಲಿ ಕೊಟ್ಟ ವರದಿಯ ಮೇಲೆ ಈ ವಾದವನ್ನು ಒರೆಗೆ ಹಚ್ಚಿ ನೋಡೋಣ. ಅದರ ಒಳವಿಷಯಕ್ಕೆ ಇಂದಿಗೂ ಸೇನಾ ಕಾರ್ಯಾಚರಣೆಯ ಮಹತ್ವವಿದೆ ಎಂದು ರಕ್ಷಣಾ ಸಚಿವ ಎ.ಕೆ. ಆಂಟನಿ 2010ರಲ್ಲಿ ಸಂಸತ್ತಿಗೆ ಹೇಳಿದರು. 2014ರ ಮಾರ್ಚ್‌ನಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ದೊಡ್ಡ ಭಾಗವನ್ನು ಅಂತರ್ಜಾಲಕ್ಕೆ ಹಾಕಿಯೇಬಿಟ್ಟರು. ಅಲ್ಲಿಗೆ ಬೀಜಿಂಗ್ ಓದಿತು, ಲಂಡನ್ ಓದಿತು. ಭಾರತದ ಪ್ರಜೆ ತನ್ನ ಸರ್ಕಾರದಿಂದ ಕೇಳಿದರೆ ಮಾತ್ರ ಅದು ಈಗಲೂ ರಹಸ್ಯ. ಹಾಗಾದರೆ ಈ ಗೋಪ್ಯತೆ ಯಾರಿಂದ ಏನನ್ನು ಮುಚ್ಚಿಡುತ್ತಿದೆ?

ಇದೇ ವರದಿಯ ವಿಷಯದಲ್ಲಿ ಇನ್ನೂ ದೊಡ್ಡ ವಿರೋಧಾಭಾಸಗಳಿವೆ. ವಿರೋಧ ಪಕ್ಷದಲ್ಲಿದ್ದಾಗ ಅರುಣ್ ಜೇಟ್ಲಿ ಈ ವರದಿ ಹೊರಬರಬೇಕು ಎಂದು ಬರೆದದ್ದು ಅದೇ ಮಾರ್ಚ್‌ನಲ್ಲಿ. ಜುಲೈ ಹೊತ್ತಿಗೆ ರಕ್ಷಣಾ ಸಚಿವರಾಗಿ, ಬಿಡುಗಡೆ ಮಾಡುವುದು ರಾಷ್ಟ್ರಹಿತಕ್ಕೆ ತಕ್ಕದ್ದಲ್ಲ ಎಂದು ರಾಜ್ಯಸಭೆಗೆ ಉತ್ತರಿಸಿದರು. ನಾಲ್ಕು ತಿಂಗಳಲ್ಲಿ ಬದಲಾದದ್ದು ಅವರ ಕುರ್ಚಿಯೇ ಹೊರತು ಹಿಮಾಲಯದ ಗಡಿಯಲ್ಲ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು. ಸೋಲಿಗೆ ಹೊಣೆಗಾರರೆಂಬ ಟೀಕೆಗೆ ಗುರಿಯಾದ ಜನರಲ್ ಬಿ.ಎಂ. ಕೌಲ್ 1967ರಲ್ಲಿ ಪುಸ್ತಕ ಬರೆದು ತಮ್ಮನ್ನು ಸಮರ್ಥಿಸಿಕೊಂಡರು. ಯುದ್ಧಕಾಲದಲ್ಲಿ ಗುಪ್ತಚರ ದಳದ ಮುಖ್ಯಸ್ಥರಾಗಿದ್ದ ಬಿ.ಎನ್. ಮಲ್ಲಿಕ್ 1971ರಲ್ಲಿ ತಮ್ಮ ಪುಸ್ತಕ ತಂದರು. ಆರೋಪಿತರ ಹೇಳಿಕೆ ಅಂಗಡಿಯಲ್ಲಿ ಮಾರಾಟಕ್ಕಿದೆ, ವಿಚಾರಣೆ ನಡೆಸಿದವರ ಮಾತು ಮಾತ್ರ ಬೀರುವಿನಲ್ಲಿದೆ. ಇದನ್ನು ಭದ್ರತೆ ಎನ್ನಲು ನಾನು ಸಿದ್ಧನಿಲ್ಲ.

'ಮಾಹಿತಿದಾರರ ಜೀವಕ್ಕೆ ಅಪಾಯ' ಎಂಬುದು ಅವರ ವಾದಗಳಲ್ಲಿ ನಿಜಕ್ಕೂ ತೂಕವಿರುವುದು. ನಮ್ಮ ಜಿಲ್ಲೆಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. 2005ರ ಫೆಬ್ರುವರಿ 6ರಂದು ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತ ಕೆಲವೇ ತಿಂಗಳಲ್ಲಿ, ಮಾಹಿತಿ ಕೊಟ್ಟನೆಂಬ ಬರೀ ಶಂಕೆಯ ಮೇಲೆ ಅಲ್ಲಿನವರೊಬ್ಬರನ್ನು ನಕ್ಸಲರು ಕೊಂದರು. ಹೆಸರು ಹೊರಬಿದ್ದರೆ ಏನಾಗುತ್ತದೆಂದು ಮಲೆನಾಡಿಗೆ ಗೊತ್ತು. ಆದರೆ ಈ ವಾದ ರಕ್ಷಿಸುವುದು ಹೆಸರನ್ನು, ಕಡತವನ್ನಲ್ಲ. ಮಾಹಿತಿ ಹಕ್ಕು ಕಾಯ್ದೆಯ 10ನೇ ಸೆಕ್ಷನ್, ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಿ ಎನ್ನುತ್ತದೆ. ಹೆಸರಿನ ಮೇಲೆ ಮಸಿ ಬಳಿಯಿರಿ, ಒಪ್ಪುತ್ತೇವೆ. ಗುಂಡು ಹಾರಿಸುವ ಆದೇಶ ಕೊಟ್ಟವರು ಯಾರು, ಯಾವ ಆಧಾರದ ಮೇಲೆ ಕೊಟ್ಟರು ಎಂಬ ಸಾಲಿನ ಮೇಲೂ ಅದೇ ಮಸಿ ಏಕೆ? ಮಾಹಿತಿದಾರನ ಪ್ರಾಣವನ್ನು ಅಧಿಕಾರಿಯ ಹೊಣೆಗಾರಿಕೆಗೆ ಗುರಾಣಿ ಮಾಡಿಕೊಳ್ಳುವುದು ಆ ಮಾಹಿತಿದಾರನಿಗೇ ಮಾಡುವ ಅವಮಾನ.

'ನೇತಾಜಿ ಕಡತ ತೆರೆದರಲ್ಲ, ಏನು ಸಿಕ್ಕಿತು?' ಎಂದು ಕೇಳುತ್ತಾರೆ. ಆ ಕಡತಗಳನ್ನು ಕೊಟ್ಟರೆ ವಿದೇಶಗಳೊಂದಿಗಿನ ಸಂಬಂಧ ಕೆಡುತ್ತದೆ ಎಂದು 2014ರಲ್ಲಿ ಪ್ರಧಾನಿ ಕಚೇರಿಯೇ ನಿರಾಕರಿಸಿತ್ತು. 2016ರ ಜನವರಿ 23ರಂದು ಪ್ರಧಾನಿಯೇ 100 ಕಡತಗಳನ್ನು ಬಿಡುಗಡೆ ಮಾಡಿದರು. ಯಾವ ದೇಶವೂ ರಾಯಭಾರಿಯನ್ನು ವಾಪಸು ಕರೆಸಿಕೊಳ್ಳಲಿಲ್ಲ. ಸಿಕ್ಕಿದ್ದೇನು ಎಂಬುದಕ್ಕೂ ಉತ್ತರವಿದೆ: 1948ರಿಂದ 1968ರವರೆಗೆ ಗುಪ್ತಚರ ದಳ ಬೋಸ್ ಕುಟುಂಬದ ಮೇಲೆ ಕಣ್ಣಿಟ್ಟಿತ್ತು, ಅವರ ಪತ್ರಗಳನ್ನು ಓದುತ್ತಿತ್ತು ಎಂಬುದು ತೆರೆದ ಕಡತಗಳಿಂದಲೇ ಬಯಲಾದದ್ದು.

'ಕಾನೂನು ಇದೆ, ಅದರಂತೆ ಕೇಳಿ' ಎನ್ನುವವರು ಆ ಕಾನೂನನ್ನು ಪೂರ್ತಿ ಓದಲಿ. 20 ವರ್ಷ ದಾಟಿದ ಘಟನೆಯ ಮಾಹಿತಿ ಕೊಡಬೇಕೆನ್ನುವ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(3), ಭದ್ರತೆಯ ವಿಷಯವನ್ನು ಅಲ್ಲೇ ಹೊರಗಿಡುತ್ತದೆ. ಸೆಕ್ಷನ್ 24 ಗುಪ್ತಚರ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಟ್ಟು, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗಷ್ಟೇ ಕಿಂಡಿ ಬಿಡುತ್ತದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ 30 ವರ್ಷ ದಾಟಿದ ದಾಖಲೆಯನ್ನು ನೋಡಲು ಬಿಡುವುದು ಅದು ಗೋಪ್ಯವೆಂದು ವರ್ಗೀಕೃತವಾಗಿಲ್ಲದಿದ್ದರೆ ಮಾತ್ರ. ಗೋಪ್ಯತೆ ತೆಗೆಯಬೇಕಾದವರು ಅದನ್ನು ಹಾಕಿದವರೇ. ನಮ್ಮ ಪಕ್ಕದ ಕಾರ್ಕಳದವರಾದ ಎಂ. ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗ, 1923ರ ಅಧಿಕೃತ ರಹಸ್ಯ ಕಾಯ್ದೆಯನ್ನೇ ರದ್ದು ಮಾಡಬೇಕೆಂದು 2006ರಲ್ಲಿ ಶಿಫಾರಸು ಮಾಡಿತು. ಬ್ರಿಟಿಷರ ಆ ಕಾಯ್ದೆ ಇನ್ನೂ ಜಾರಿಯಲ್ಲಿದೆ.

ಕೊನೆಗೆ ಉಳಿಯುವುದು 'ಸರ್ಕಾರವನ್ನು ನಂಬಿ, ದಾಖಲೆ ಭದ್ರವಾಗಿದೆ' ಎಂಬ ಮಾತು. ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟ ರಾಜ್ಯ ಇದು. 2007ರಲ್ಲಿ ಬಂದು 2024ರವರೆಗೆ ಜಾರಿಯಲ್ಲಿದ್ದ 419ಎ ನಿಯಮದಂತೆ ಕದ್ದಾಲಿಕೆಯ ದಾಖಲೆಗಳನ್ನು, ಅಗತ್ಯವಿದೆಯೆಂದು ಇಲಾಖೆಗೆ ಅನಿಸದಿದ್ದರೆ, ಆರು ತಿಂಗಳಿಗೊಮ್ಮೆ ನಾಶ ಮಾಡಬೇಕಿತ್ತು. ಮಾತುಕತೆಯ ಮುದ್ರಿಕೆ ಅಳಿಯಲಿ, ಅದು ಖಾಸಗಿತನಕ್ಕೆ ಒಳ್ಳೆಯದು. ಆದರೆ ಕದ್ದಾಲಿಸಲು ಹೊರಡಿಸಿದ ಆದೇಶದ ಕಾಗದವೂ ಅದರ ಜೊತೆಗೇ ಹೋಗುತ್ತಿತ್ತು. ಪ್ರಜೆಗೆ ಬೇಕಾದ ಕಡತ ಭದ್ರತೆಗಾಗಿ 60 ವರ್ಷ ಬೀಗದಲ್ಲಿ, ಅಧಿಕಾರಿಯನ್ನು ಪ್ರಶ್ನಿಸಬಲ್ಲ ಕಾಗದ ಆರು ತಿಂಗಳಲ್ಲಿ ಬೂದಿ. ಎರಡನ್ನೂ ಒಂದೇ ಬಾಯಲ್ಲಿ ಸಮರ್ಥಿಸಲಾಗದು.

ನಾವು ಕೇಳುತ್ತಿರುವುದು 25 ವರ್ಷದ ಗಡುವು. ಅದರಾಚೆಗೂ ಮುಚ್ಚಿಡಬೇಕಾದರೆ ಇಲಾಖೆಯ ಹೊರಗಿನ ನ್ಯಾಯಾಧೀಶರ ಮುಂದೆ ಲಿಖಿತ ಕಾರಣ. ಅಮೆರಿಕದಲ್ಲಿ 25 ವರ್ಷಕ್ಕೆ ಗೋಪ್ಯತೆ ತಾನಾಗಿ ತೆರವಾಗುವ ಆದೇಶವಿದೆ. ನಮ್ಮ ರಕ್ಷಣಾ ಸಚಿವಾಲಯವೇ ಯುದ್ಧ ದಾಖಲೆಗಳಿಗೆ 2021ರಲ್ಲಿ 25 ವರ್ಷದ ನೀತಿ ಪ್ರಕಟಿಸಿದೆ. ತರೀಕೆರೆ, ಅಜ್ಜಂಪುರದವರು ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಮತದಾರರು. ಕಡೂರಿನವರು ಹಾಸನ ಕ್ಷೇತ್ರದವರು. ಸಂಸದರು ಇಬ್ಬರಾದರೂ ಕೇಳಬೇಕಾದ ಪ್ರಶ್ನೆ ಒಂದೇ. ನಿಮ್ಮದೇ ನೀತಿಯ ಪ್ರಕಾರ ಗಡುವು ಎಂದೋ ಮೀರಿರುವ 1963ರ ವರದಿಯನ್ನು ಸದನದ ಮುಂದೆ ಯಾವಾಗ ಇಡುತ್ತೀರಿ ಎಂದು ಅವರು ಸರ್ಕಾರವನ್ನು ಕೇಳುವಂತೆ, ಇಬ್ಬರಿಗೂ ಕಾಗದ ಬರೆಯಿರಿ.