ಹೆಸರು ಬಾರದ ವೈನಿನ ಪರವಾಗಿ

ಫ್ರಾನ್ಸಿನ ಟುಲೂಸ್ ನಗರದಲ್ಲಿ ಇಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿದ್ದನು. ಅಂಜುತ್ತಲೇ ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟು, "ತಪ್ಪು ತಿಳಿಯಬೇಡಿ ಸರ್, ನೀವು ಭೂಪಟದಲ್ಲಿ ತೋರಿಸುತ್ತಿದ್ದ ಗರೋನ್ ನದಿಯ ಕಡೆಯದು" ಎಂದನು. ಅದು ಟುಲೂಸಿನಿಂದ ಸುಮಾರು 100 ಕಿಲೋಮೀಟರ್ ಉತ್ತರಕ್ಕಿರುವ ಕಾಓರ್ ಎಂಬ ಊರಿನ ಕೆಂಪು ವೈನ್. (ಆ ಹೆಸರಿನ ಬರಹದಲ್ಲಿ ಹಕಾರವಿದೆ, ಉಚ್ಚಾರಣೆಯಲ್ಲಿಲ್ಲ.) ಅಲ್ಲಿಯೇ ಕುಳಿತಿದ್ದ ನನ್ನ ಬಂಧುವೊಬ್ಬರು ಚೀಟಿಯನ್ನು ಓದಿ, "ಬೋರ್ಡೋ ಅಲ್ಲವೇ? ನಿಜವಾಗಿ ಚೆನ್ನಾಗಿದ್ದರೆ ಇಷ್ಟು ಹೊತ್ತಿಗೆ ಹೆಸರು ಬಂದಿರುತ್ತಿತ್ತು" ಎಂದು ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು. ಆ ಒಂದು ಮಾತಿಗಾಗಿ ಈ ಲೇಖನ. ಅವರು ಇದನ್ನು ಓದುತ್ತಾರೆಂದು ಬಲ್ಲೆ. ಓದಲಿ.

ಮೊದಲು ಭೂಪಟವನ್ನು ನೋಡೋಣ. ಕಾಓರ್ ಇರುವುದು ಹಾವಿನಂತೆ ಬಳುಕಿ ಹರಿಯುವ ಲಾಟ್ ನದಿಯ ದಂಡೆಯಲ್ಲಿ. ಲಾಟ್ ನದಿ ಗರೋನನ್ನು ಸೇರುತ್ತದೆ. ಗರೋನ್ ಬೋರ್ಡೋ ಬಂದರನ್ನು ಹಾದು ಅಟ್ಲಾಂಟಿಕ್ ಕಡೆಗೆ ಸಾಗುತ್ತದೆ. ಹಿಂದೆ ಪೀಪಾಯಿಗಳು ದೋಣಿಯಲ್ಲಿ ಈ ಹಾದಿಯಲ್ಲಿಯೇ ಕಡಲಿಗೆ ಹೋಗಬೇಕಾಗಿತ್ತು. ಅಕ್ವಿಟೇನಿನ ಎಲಿನೋರಳು 1152ರಲ್ಲಿ ವರಿಸಿದ ಹೆನ್ರಿಯು 1154ರಲ್ಲಿ ಇಂಗ್ಲೆಂಡಿನ ದೊರೆಯಾದನು. ಅಲ್ಲಿಂದ 1453ರವರೆಗೆ ಬಹುಪಾಲು ಕಾಲ ಬೋರ್ಡೋ ಆಂಗ್ಲ ದೊರೆಗಳ ಅಧೀನದಲ್ಲಿತ್ತು. ಆಂಗ್ಲರಿಗೆ ವೈನ್ ಬೇಕಾಗಿತ್ತು, ದೊರೆಗಳಿಗೆ ಬೋರ್ಡೋ ವರ್ತಕರ ನಿಷ್ಠೆ ಬೇಕಾಗಿತ್ತು. ಆದುದರಿಂದ ವರ್ತಕರಿಗೆ ಒಂದು ವಿಶೇಷ ಹಕ್ಕು ದೊರೆಯಿತು: ನದಿಯ ಮೇಲಣ ಸೀಮೆಯ ವೈನ್ ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದವರೆಗೆ, ಮುಂದೆ ಕ್ರಿಸ್‌ಮಸ್‌ವರೆಗೂ, ಆ ಊರನ್ನು ಪ್ರವೇಶಿಸಕೂಡದು!

ಕೇಳುವುದಕ್ಕೆ ಇದು ಸಣ್ಣ ನಿಯಮ. ಆದರೆ ಬಿರಡೆ ಬಿಗಿದ ಬಾಟಲಿಯಿಲ್ಲದ ಆ ಕಾಲದಲ್ಲಿ ವೈನನ್ನು ಹೊಸದಿರುವಾಗಲೇ ಮಾರಬೇಕಾಗಿತ್ತು, ಹಳತಾದರೆ ಹುಳಿಯುತ್ತಿತ್ತು. ಇಂಗ್ಲೆಂಡಿನ ಹಡಗುಗಳು ಕೊಯ್ಲು ಮುಗಿಯುತ್ತಲೇ ಶರತ್ಕಾಲದಲ್ಲಿ ಬಂದು ತುಂಬಿಕೊಂಡು ಹೊರಡುತ್ತಿದ್ದವು. ಕಾಓರಿನವನಿಗೆ ಬಾಗಿಲು ತೆರೆಯುವ ವೇಳೆಗೆ ಕೊಳ್ಳುವವನು ಹೊರಟುಹೋಗಿರುತ್ತಿದ್ದನು. ಮೂರು ಗಂಟೆಯ ಪರೀಕ್ಷೆಗೆ ಒಬ್ಬ ಹುಡುಗನನ್ನು ಎರಡೂವರೆ ಗಂಟೆ ಹೊರಗೆ ನಿಲ್ಲಿಸಿ, ಆಮೇಲೆ "ಇವನಿಗೆ ಅಂಕ ಏಕೆ ಕಡಿಮೆ?" ಎಂದು ಕೇಳುವ ಮೇಲ್ವಿಚಾರಕನನ್ನು ಏನೆನ್ನೋಣ? ಇನ್ನೂ ಸೋಜಿಗವೆಂದರೆ, ಹೀಗೆ ತಡೆದ ಬೋರ್ಡೋ ವರ್ತಕರೇ ತಮ್ಮ ತಿಳಿಯಾದ ವೈನಿಗೆ ಬಣ್ಣ ಬರಲೆಂದು ಕಾಓರಿನ ಕಪ್ಪನೆಯ ವೈನನ್ನು ಬೆರೆಸುತ್ತಿದ್ದರು.

ಹದಿನಾರನೆಯ ಲೂಯಿಯ ಅರ್ಥಮಂತ್ರಿ ಟರ್ಗೋನ ಹೆಸರು ನಿಮಗೆ ನೆನಪಿರಬೇಕು. ಫ್ರೆಂಚ್ ಕ್ರಾಂತಿಯ ಪಾಠದಲ್ಲಿ ಬಾಯಿಪಾಠ ಮಾಡಿಸಿದ್ದೆ. ಈ ಕಟ್ಟಳೆಯನ್ನು 1776ರ ಏಪ್ರಿಲ್‌ನಲ್ಲಿ ತೆಗೆದುಹಾಕಿದವನು ಅವನೇ. ಮರುತಿಂಗಳೇ ಅವನ ಹುದ್ದೆ ಹೋಯಿತು (ಕಾರಣಗಳು ಬೇರೆಯೂ ಇದ್ದವು).

"ಹಾಗಾದರೆ ಶ್ರೇಷ್ಠತೆಯ ಪಟ್ಟಿಯೇ ಇದೆಯಲ್ಲ?" ಎನ್ನುವಿರಿ. ಇದೆ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೋವಿನ ದಲ್ಲಾಳಿಗಳು ಬೋರ್ಡೋ ವೈನುಗಳನ್ನೇ ಶ್ರೇಣೀಕರಿಸಿದ ಪಟ್ಟಿ ಅದು. ಮಾನದಂಡ ಯಾವುದು? ಮುಖ್ಯವಾಗಿ ಮಾರುಕಟ್ಟೆಯ ಬೆಲೆ! ಬೆಲೆ ಹೆಚ್ಚಾದುದರಿಂದ ಶ್ರೇಷ್ಠ, ಶ್ರೇಷ್ಠವಾದುದರಿಂದ ಬೆಲೆ ಹೆಚ್ಚು. ಆ ಕೆಂಪು ವೈನುಗಳ ಪಟ್ಟಿಯಲ್ಲಿ ಮೇಲಿನ ದರ್ಜೆಗೆ ಬಡ್ತಿ ಪಡೆದದ್ದು 1973ರಲ್ಲಿ ಮೂಟೋನ್ ರೋಥ್‌ಶೀಲ್ಡ್ ಒಂದೇ. ನಮ್ಮ ಶಿಕ್ಷಕರ ಬಡ್ತಿ ಇದಕ್ಕಿಂತ ಬೇಗ ಆಗುತ್ತಿತ್ತು.

ಕಾಓರಿಗೆ ದುರದೃಷ್ಟವೂ ಕೂಡಿಬಂತು. 1870ರ ದಶಕದಲ್ಲಿ ಫಿಲೋಕ್ಸೆರಾ ಕೀಟವು ಬೇರುಗಳನ್ನು ತಿಂದುಹಾಕಿತು. ಚೇತರಿಸಿಕೊಳ್ಳುವಷ್ಟರಲ್ಲಿ 1956ರ ಫೆಬ್ರವರಿಯ ಹಿಮವು ಹೆಚ್ಚುಕಡಿಮೆ ಎಲ್ಲ ಬಳ್ಳಿಗಳನ್ನೂ ಕೊಂದಿತು. ರೈತರು ಮತ್ತೆ ನೆಟ್ಟರು. 1971ರಲ್ಲಿ ಸರ್ಕಾರದ ಮೂಲಸ್ಥಾನ ಮಾನ್ಯತೆ ದೊರೆಯಿತು: ಶೇಕಡಾ 70ಕ್ಕೆ ಕಡಿಮೆಯಿಲ್ಲದಷ್ಟು ಮಾಲ್ಬೆಕ್ ದ್ರಾಕ್ಷಿ ಇರಬೇಕು, ಉಳಿದದ್ದು ಮೆರ್ಲೋ ಮತ್ತು ತನ್ನಾ. ಅದೇ ಮಾಲ್ಬೆಕ್ 1853ರ ಸುಮಾರಿಗೆ ಅರ್ಜೆಂಟೈನಾಕ್ಕೆ ಹೋಗಿತ್ತು. ಇಂದು ಮೆಂಡೋಜದ ಮಾಲ್ಬೆಕ್ ಜಗತ್ತಿಗೆಲ್ಲ ಗೊತ್ತು. ಬಳ್ಳಿಯಲ್ಲಿ ಗುಣವಿರಲಿಲ್ಲವೆಂದರೆ ಅಲ್ಲಿ ಅದು ಎಲ್ಲಿಂದ ಬಂತು ಎಂದು ನನ್ನ ಬಂಧುಗಳು ತಿಳಿಸಲಿ. ಮೆಂಡೋಜಕ್ಕೆ ಬೋರ್ಡೋವಿನ ಬಾಗಿಲನ್ನು ಕಾಯುವ ಅಗತ್ಯವಿರಲಿಲ್ಲ.

ಬೋರ್ಡೋ ಕೆಟ್ಟದೆಂದು ನಾನು ಹೇಳುತ್ತಿಲ್ಲ. ಕಾಓರಿನಲ್ಲಿಯೂ ಒರಟು ವೈನ್ ಉಂಟಂತೆ. ಆ ದಿನ ಶಿಷ್ಯನ ಒತ್ತಾಯಕ್ಕೆ ನಾನು ಎರಡು ಚಮಚ ರುಚಿ ನೋಡಿದೆ (ತಂಗಿಯರು ಕ್ಷಮಿಸಬೇಕು). ನೇರಳೆ ಹಣ್ಣು ತಿಂದಂತೆ ನಾಲಿಗೆ ಒಗರಾಯಿತು, ಲೋಟದ ತಳದಲ್ಲಿಯೂ ಅದೇ ಬಣ್ಣ. ತೀರ್ಪು ಕೊಡುವಷ್ಟು ಅನುಭವ ನನಗಿಲ್ಲ.

ಆದರೆ ತೀರ್ಪು ಕೊಟ್ಟದ್ದಂತೂ ಉಂಟು. ವರ್ಷ ವರ್ಷವೂ "ಹೊಂದಿಸಿ ಬರೆಯಿರಿ" ಪ್ರಶ್ನೆಯಲ್ಲಿ ಬೋರ್ಡೋವಿನ ಎದುರಿಗೆ ವೈನ್ ಎಂದು ಬರೆದವರಿಗೆ ಒಂದು ಅಂಕ ಕೊಟ್ಟೆ. ನದಿಯ ಮೇಲ್ಭಾಗದಲ್ಲಿ ಯಾರಿದ್ದರೆಂದು ಆಗ ನಾನೂ ಕೇಳಲಿಲ್ಲ, ನೀವೂ ಕೇಳಲಿಲ್ಲ.