ಗಡ್ಡೆ ನಿಂತರೆ ಆಯಿತೇ?

ಮೊನ್ನೆ ಭಾನುವಾರ ನಮ್ಮ ಡೊಂಬಿವಲಿ ಮನೆಗೆ ಹುಬ್ಬಳ್ಳಿ ಕಡೆಯ ಗೆಳೆಯರು ಬಂದಿದ್ದರು. ಮುಂಬೈಗೆ ಬಂದು ಮೂವತ್ತು ವರ್ಷವಾದರೂ ಅವರ ಮಾತಿನ ಖಾರ ಕಮ್ಮಿಯಾಗಿಲ್ಲ. ಆವತ್ತು ಮಾತ್ರ ಮೆತ್ತಗಿದ್ದರು. ಅಕ್ಕನ ಕಣ್ಣಿನ ಕ್ಯಾನ್ಸರ್ ಲಿವರ್‌ಗೆ ಹಬ್ಬಿದೆಯಂತೆ. ಯಾರೋ ಕಳಿಸಿದ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿದರು. ಗಡ್ಡೆ ಬೆಳೆಯದಂತೆ ತಡೆಯುವ ಹೊಸ ಮಾತ್ರೆ. "ಇದು ಕೊಟ್ರ ಅಕ್ಕ ಉಳೀತಾಳೇನ್ರಿ?"

ನಾನು ಡಾಕ್ಟರಲ್ಲ. ಔಷಧ ಕಂಪನಿಯೊಂದರ ಅಕೌಂಟ್ಸ್‌ನಲ್ಲಿ ಇಪ್ಪತ್ತು ವರ್ಷ ಕೂತವನು, ಅಷ್ಟೇ. ಆದರೆ ಇಂಥ ಸುದ್ದಿ ಓದಿದಾಗಲೆಲ್ಲ ನನಗೆ ಸೆಲುಮೆಟಿನಿಬ್ ನೆನಪಾಗುತ್ತೆ. ಕಣ್ಣಿನೊಳಗಿನ ಮೆಲನೋಮದಲ್ಲಿ ಬಹುಪಾಲು ಜಿಎನ್‌ಎಕ್ಯೂ ಅಥವಾ ಜಿಎನ್‌ಎ11 ಅನ್ನೋ ಜೀನ್ ಕೆಟ್ಟು, "ಬೆಳೆ, ಬೆಳೆ" ಅನ್ನುವ ನಲ್ಲಿ ಮುಚ್ಚದೆ ಹರಿಯುತ್ತಿರುತ್ತೆ. ಆ ಪೈಪನ್ನು ಮುಂದೆಲ್ಲೋ ಹಿಸುಕುವ ಮಾತ್ರೆ ಇದು. 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೀಮೋ ಪಡೆದವರ ಗಡ್ಡೆ ಸುಮಾರು 7 ವಾರ ತಡೆದರೆ, ಮಾತ್ರೆ ತಗೊಂಡವರದ್ದು ಸುಮಾರು 16 ವಾರ ತಡೆಯಿತು. ಸಂಭ್ರಮವೋ ಸಂಭ್ರಮ! ಬದುಕಿದ ಅವಧಿಯಲ್ಲಿ ಮಾತ್ರ ನೆಚ್ಚಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಕೀಮೋದವರಿಗೂ ಆಮೇಲೆ ಅದೇ ಮಾತ್ರೆ ಸಿಕ್ಕಿತ್ತು, ಅದನ್ನೂ ಲೆಕ್ಕಕ್ಕೆ ಹಿಡೀಬೇಕು ಅನ್ನಿ. ಆದರೆ ಮುಂದಿನ ದೊಡ್ಡ ಪರೀಕ್ಷೆಯಲ್ಲಿ, ಕೀಮೋ ಜೊತೆ ಕೊಟ್ಟು ನೋಡಿದಾಗ, 129 ಜನರಲ್ಲಿ ಗಡ್ಡೆ ತಡೆಯುವ ಲಾಭವೂ ಉಳಿಯಲಿಲ್ಲ.

ಟೆಬೆಂಟಾಫಸ್ಪ್ ಇಂಜೆಕ್ಷನ್ನಿನ ಕಥೆ ಉಲ್ಟಾ. 2021ರಲ್ಲಿ ಪ್ರಕಟವಾದ 378 ಜನರ ಪರೀಕ್ಷೆಯಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿದ್ದು 100ಕ್ಕೆ 9 ಮಂದಿಗೆ ಮಾತ್ರ. ಆದರೂ ವರ್ಷ ಕಳೆದಾಗ ಬದುಕಿದ್ದವರು 100ಕ್ಕೆ 73. ಬೇರೆ ಔಷಧ ಪಡೆದವರಲ್ಲಿ 59. 2022ರ ಜನವರಿಯಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಅದಕ್ಕೇ ನನಗೆ ಸಿಟ್ಟು. ಎಷ್ಟು ದಿನ ಬದುಕಿದರು ಅನ್ನೋದು ಸುದ್ದಿಯ ಮೊದಲ ಸಾಲಿನಲ್ಲಿರಬೇಕು. ಪರೀಕ್ಷೆಗೆ ಸೇರುವವರ ಕೈಗೆ ಕೊಡುವ ಕಾಗದದಲ್ಲೂ ಅಷ್ಟೇ. ಆ ಅಂಕಿ ಇನ್ನೂ ಬಂದಿಲ್ಲವಾದರೆ ಹಾಗಂತಲೇ ಬರೆಯಲಿ. ಸ್ಕ್ಯಾನಿನ ಗಡ್ಡೆಯ ಸೆಂಟಿಮೀಟರ್ ಕಟ್ಟಿಕೊಂಡು ಮನೆಯವರು ಏನು ಮಾಡಬೇಕು?

ಇನ್ನೊಂದು ಹೊಟ್ಟೆಯುರಿ. ಈ ಇಂಜೆಕ್ಷನ್ ಎಚ್‌ಎಲ್‌ಎ-ಎ*02:01 ಅನ್ನುವ ಟೈಪ್ ಇದ್ದವರಿಗಷ್ಟೇ. ಯುರೋಪಿನವರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕಿದೆ, ನಮ್ಮಲ್ಲಿ ಅಷ್ಟಿಲ್ಲ. ಅದಿಲ್ಲದವರಿಗಾಗಿ ದರೋವಸೆರ್ಟಿಬ್, ಕ್ರಿಜೋಟಿನಿಬ್ ಮಾತ್ರೆಗಳನ್ನು ಜೋಡಿಸಿ ಪರೀಕ್ಷಿಸಿದ್ದಾರೆ.

ಗೆಳೆಯರಿಗೆ ಹೌದು, ಅಲ್ಲ ಎರಡನ್ನೂ ಹೇಳಲಾಗಲಿಲ್ಲ. ಕರೆಂಟ್ ಬಿಲ್ಲಿನ ಹಿಂದೆ ಡಾಕ್ಟರಿಗೆ ಕೇಳಬೇಕಾದ ಎರಡು ಪ್ರಶ್ನೆ ಬರೆದುಕೊಟ್ಟೆ: ಅಕ್ಕನ ರಕ್ತದ ಟೈಪ್ ಪರೀಕ್ಷೆ ಆಗಿದೆಯೇ? ಈ ಮಾತ್ರೆ ತಗೊಂಡವರು ಎಷ್ಟು ದಿನ ಬದುಕಿದರು? ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮೆಟ್ಟಿಲಲ್ಲೇ ಹುಬ್ಬಳ್ಳಿಗೆ ಫೋನು ಹಚ್ಚಿದ್ದು ಕೇಳಿಸಿತು.